ಪಾಲಿಸಿಯಲ್ಲಿ ಬಾರದ ನೋವು

ನಮ್ಮೂರಿನಲ್ಲಿ ಆರೋಗ್ಯ ವಿಮೆ ಮಾರುವುದು ಹುಡುಗಾಟದ ಕೆಲಸವಲ್ಲ. ಬೇರೆ ಊರಿನ ಏಜೆಂಟರು ಜನರನ್ನು ಒಂದಿಷ್ಟು ಹೆದರಿಸಿದರೆ ಸಾಕು, ಪಾಲಿಸಿ ಆಗಿಬಿಡುತ್ತದೆ. ನಮ್ಮವರು ಸುಲಭಕ್ಕೆ ಹೆದರುವುದಿಲ್ಲ. ಇಲ್ಲಿ ಒಬ್ಬರ ನೋವನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹಲ್ಲುನೋವು ಬಂದವನ ಮಣಿಕಟ್ಟು ಹಿಡಿದು ಪಕ್ಕದ ಮನೆಯವನು ‘ಕೊಡು’ ಅನ್ನುತ್ತಾನೆ, ಇವನು ‘ತಗೋ’ ಅನ್ನುತ್ತಾನೆ, ಅಷ್ಟೇ. ನೋವು ಆ ಕಡೆ ಹೋಗುತ್ತದೆ. ಹಿಡಿದವನು ಮತ್ತೆ ಉಣ್ಣುವವರೆಗೆ ಅವನ ಹತ್ತಿರ ಇರುತ್ತದೆ, ಬಾಯಿಗೆ ತುತ್ತು ಬಿದ್ದ ಕೂಡಲೇ ಒಡೆಯನಿಗೆ ವಾಪಸು. ಹಾಗಾಗಿ ಒಳ್ಳೆಯ ನೆರೆಯವರು ಅಂದರೆ ನಮ್ಮಲ್ಲಿ ತಡವಾಗಿ ಉಣ್ಣುವವರು ಎಂದು ಅರ್ಥ. ಹೆಣ್ಣು ಕೊಡುವವರು ಗಂಡಿನ ಸಂಬಳ ಕೇಳುವ ಮೊದಲು ಆ ಬೀದಿಯವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಎಂದು ವಿಚಾರಿಸುತ್ತಾರೆ.

ಒಂದೇ ಒಂದು ತೊಡಕಿದೆ. ಒಂದೇ ಒಲೆಯ ಅನ್ನ ಉಣ್ಣುವವರು ಒಬ್ಬರ ನೋವನ್ನು ಒಬ್ಬರು ಹಿಡಿಯಲು ಆಗುವುದಿಲ್ಲ. ಗಂಡನಿಗೆ ಹೆಂಡತಿಯದು ಬರುವುದಿಲ್ಲ, ತಾಯಿಗೆ ಮಗುವಿನದು ಬರುವುದಿಲ್ಲ. ಎಷ್ಟು ಗಟ್ಟಿಯಾಗಿ ಹಿಡಿದರೂ ಬರೀ ಕೈ ಹಿಡಿದ ಹಾಗೆ. ಒಲೆ ಬೇರೆ ಮಾಡಿಕೊಂಡರೆ ಹಿಡಿಯಬಹುದು, ಆದರೆ ಒಮ್ಮೆ ಬೇರೆಯಾದ ಒಲೆ ಮತ್ತೆ ಕೂಡಿದ್ದಿಲ್ಲ. ಆಮೇಲೆ ಆ ಮನೆಯ ಅನ್ನ ಗಂಟಲಲ್ಲಿ ಇಳಿಯುವುದೇ ಇಲ್ಲ. ಒಲೆ ಬೇರೆಯಾಯಿತು ಅಂದರೆ ಸಂಸಾರ ಮುಗಿಯಿತು ಅಂತಲೇ ಊರಿನ ಲೆಕ್ಕ. ಸಾಯುವ ಸಂಕಟದಲ್ಲೂ ಯಾರೂ ಅದಕ್ಕೆ ಕೈ ಹಾಕುವುದಿಲ್ಲ, ನೆರೆಯವರನ್ನು ಕರೆಯುತ್ತಾರೆ.

ಇಂಥ ಊರಿನಲ್ಲಿ ನಾನು ವಿಮೆ ಮಾರಿದೆ. ನನ್ನ ಹೆಸರು ತಿಪ್ಪೇರುದ್ರಪ್ಪ, ಆದರೆ ಆ ಹೆಸರು ನನ್ನ ಹೆಂಡತಿಗೂ ಮರೆತಿರಬೇಕು, ಎಲ್ಲರಿಗೂ ನಾನು ಏಜೆಂಟ್ರು. “ನೋವನ್ನ ನೆರೆಯವರು ಹಿಡೀತಾರೆ ಕಣಪ್ಪ, ಆಸ್ಪತ್ರೆ ಬಿಲ್ಲನ್ನ ಯಾರು ಹಿಡೀತಾರೆ?” ಎಂದು ಕೇಳುತ್ತಿದ್ದೆ. ಆ ಒಂದು ಮಾತಿನ ಮೇಲೆ ನಮ್ಮ ಬೀದಿ ಪೂರ್ತಿ ಪಾಲಿಸಿ ಮಾಡಿಸಿತು. ನನಗೆ ಮಾತು ಬರುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನನ್ನಪ್ಪ ಹೇಳಿಕೊಟ್ಟಿದ್ದ. ಮಾತು ಬಲ್ಲವನಿಗೆ ನಾಚಿಕೆಯೂ ಇರುವುದಿಲ್ಲ ಎಂಬುದನ್ನು ನಾನೇ ಕಲಿತುಕೊಂಡೆ.

ಡಾಕ್ಟರ್ ವಾಸಂತಿ ನಮ್ಮೂರಿಗೆ ಬಂದು ಕೆಲವು ವರ್ಷವಾಗಿತ್ತು. ಆಕೆ ಒಂದು ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಐವತ್ತು ದಾಟಿದವರನ್ನೆಲ್ಲ ಕೂರಿಸಿ ಸರ್ಪಸುತ್ತಿನ ಇಂಜೆಕ್ಷನ್ ವಿಷಯ ಹೇಳಿದರು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಎದ್ದವರ ನರದಲ್ಲಿ ಅದರ ಬೇರು ಮಲಗಿರುತ್ತದೆ, ವಯಸ್ಸಾದ ಮೇಲೆ ಎದ್ದು ಸೊಂಟಕ್ಕೋ ಪಕ್ಕೆಗೋ ಪಟ್ಟಿಯ ಹಾಗೆ ಸುತ್ತುತ್ತದೆ, ಗುಳ್ಳೆ ಒಣಗಿದರೂ ಕೆಲವರಿಗೆ ಉರಿ ತಿಂಗಳುಗಟ್ಟಲೆ ಹೋಗುವುದಿಲ್ಲ ಎಂದರು. ಎರಡು ಸಲ ಚುಚ್ಚಿಸಿಕೊಳ್ಳಬೇಕು. ಜನ ತಲೆ ಆಡಿಸಿದರು. ಆಮೇಲೆ ಡಾಕ್ಟರು ಬೆಲೆ ಹೇಳಿದರು. ಒಂದು ಸೂಜಿಗೆ ಹತ್ತು ಸಾವಿರದ ಮೇಲೆ. ಆಡುತ್ತಿದ್ದ ತಲೆಗಳು ನಿಂತವು. ಚಿತ್ರಾನ್ನದ ಗಾಡಿಯ ಓಬಳೇಶ ಮಾತ್ರ “ಆ ದುಡ್ಡಿಗೆ ನಿಜವಾದ ಸರ್ಪಾನೇ ಸಾಕಬೋದಲ್ಲ ಮೇಡಂ” ಎಂದ.

ಎಲ್ಲರೂ ನಗುತ್ತಿದ್ದಾಗ ನಮ್ಮ ಎದುರುಮನೆಯ ಜುಬೇದಾ ನನ್ನ ಕಡೆ ತಿರುಗಿದಳು. ಹೊಲಿಗೆ ಮೆಷಿನ್ನಿನ ಮೇಲೆ ಮಗಳನ್ನು ಓದಿಸಿ ಮದುವೆ ಮಾಡಿದವಳು, ನನ್ನ ಪಾಲಿಸಿಗೆ ಮೊದಲು ಸಹಿ ಹಾಕಿದವಳು. “ಏಜೆಂಟ್ ಅಣ್ಣ, ಇದು ನಮ್ ಪಾಲಿಸೀಲಿ ಬರುತ್ತಾ?”

ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಪಾಲಿಸಿ ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದವರಿಗೆ ಮಾತ್ರ. ಬರದ ಕಾಯಿಲೆಯನ್ನು ತಡೆಯುವುದಕ್ಕೆ ಕಂಪನಿ ಬಿಡಿಗಾಸು ಬಿಚ್ಚುವುದಿಲ್ಲ. ಆದರೆ ಅದು ಪಾಲಿಸಿ ನವೀಕರಿಸುವ ವಾರ. ಇಡೀ ಬೀದಿ ನನ್ನ ಬಾಯಿ ನೋಡುತ್ತಿತ್ತು. ಡಾಕ್ಟರು ಕೂಡ ನೋಡುತ್ತಿದ್ದರು.

“ಸದ್ಯಕ್ಕಿಲ್ಲಮ್ಮ. ಮುಂದಿನ ವರ್ಷಕ್ಕೆ ಸೇರಿಸ್ತಾರೆ. ಮೇಲಿನವರ ಹತ್ರ ಮಾತಾಡಿದೀನಿ. ಸುಮ್ನೆ ಯಾಕೆ ಕೈಯಿಂದ ಕಳ್ಕೋತೀರಾ? ಒಂಚೂರು ಕಾಯ್ರಿ.”

ಯಾವ ಮೇಲಿನವರು? ನನ್ನ ಮೇಲೆ ಇದ್ದದ್ದು ಶಾಲೆಯ ಹೆಂಚು ಮಾತ್ರ. ಆದರೂ ಹೇಳುವಾಗ ನಾಲಗೆ ತಡವರಿಸಲಿಲ್ಲ. ಜುಬೇದಾಳ ಮುಖ ಅರಳಿತು. ಆ ವಾರ ಎಲ್ಲರೂ ಪಾಲಿಸಿಗೆ ದುಡ್ಡು ಕಟ್ಟಿದರು, ಇಂಜೆಕ್ಷನ್‌ಗೆ ಯಾರೂ ಹೋಗಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಸರ್ವಮಂಗಳ ಕೇಳಿದಳು. ಚಿಕ್ಕಂದಿನಲ್ಲಿ ಅವಳಿಗೆ ಸೀತಾಳೆ ಸಿಡುಬು ಮೈತುಂಬ ಎದ್ದಿತ್ತಂತೆ, ಹಣೆಯ ಮೇಲೆ ಇವತ್ತಿಗೂ ಎರಡು ಕಲೆ ಇವೆ. “ರೀ, ದುಡ್ಡು ಹೆಂಗೂ ಐತಲ್ಲ. ನಾವಿಬ್ರೂ ಹಾಕಿಸ್ಕೊಂಡು ಬಂದುಬಿಡಾಣ.”

“ಏಜೆಂಟೇ ಕೈಯಿಂದ ದುಡ್ಡು ಕೊಟ್ಟು ಹಾಕಿಸ್ಕೊಂಡ ಅಂದ್ರೆ ಏನಂತಾರೆ ಜನ? ಬರಲ್ಲ ಅಂತ ಇವನಿಗೆ ಮೊದ್ಲೇ ಗೊತ್ತಿತ್ತು ಅನ್ನಲ್ವಾ?”

“ಗೊತ್ತಿದ್ದದ್ದು ಹೌದೋ ಅಲ್ವೋ?”

“ಅದು ಬೇರೆ ಮಾತು.”

ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಿ ನನ್ನನ್ನು ನೋಡಿದಳು. “ನನ್ ಮೈಯೇನು ನಿಮ್ ಅಂಗಡಿ ಬೋರ್ಡಾ?” ಎಂದಳು. ನಾನು ನಕ್ಕುಬಿಟ್ಟೆ. ಒಳ್ಳೆಯ ಮಾತು ಯಾರು ಆಡಿದರೂ ನನಗೆ ನಗು ಬರುತ್ತದೆ. ಅವಳು ನಗಲಿಲ್ಲ. ಮತ್ತೆ ಆ ವಿಷಯ ಎತ್ತಲೂ ಇಲ್ಲ.

ಮಳೆಗಾಲ ಕಳೆದು ಅವರೆಕಾಯಿ ಬರುವ ಹೊತ್ತಿಗೆ ಅವಳಿಗೆ ಎಡಪಕ್ಕೆಯಲ್ಲಿ ಚುಚ್ಚಲು ಶುರುವಾಯಿತು. ವಾಯು ಇರಬೇಕು ಎಂದು ಓಮಕಾಳು ಅಗಿದಳು. ಮರುದಿನ ಸ್ನಾನ ಮಾಡುವಾಗ ಕೂಗಿ ಕರೆದಳು. ಎದೆಯ ಕೆಳಗಿನಿಂದ ಬೆನ್ನಿನವರೆಗೆ ಕೆಂಪಗೆ ಪಟ್ಟಿ ಎದ್ದಿತ್ತು, ಅದರ ಮೇಲೆ ನೀರು ತುಂಬಿದ ಗುಳ್ಳೆಗಳು. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂದು ಹಿಂದಿನವರು ಹೇಳುತ್ತಿದ್ದರು. ನಾನು ಹೆದರಿದ್ದು ಅದಕ್ಕಲ್ಲ. ಇದು ಬೀದಿಗೆ ಗೊತ್ತಾಗುತ್ತದಲ್ಲ ಎಂಬುದೇ ನನಗೆ ಮೊದಲು ಹೊಳೆದದ್ದು. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಡಾಕ್ಟರ್ ವಾಸಂತಿ ಮಾತ್ರೆ ಬರೆದುಕೊಟ್ಟರು. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ಸರ್ವಮಂಗಳ ಹೊರಗೆ ಹೋದ ಮೇಲೆ ನನ್ನನ್ನು ನಿಲ್ಲಿಸಿದರು.

“ಇದಕ್ಕೆ ಕ್ಲೇಮ್ ಬರುತ್ತಾ ಏಜೆಂಟ್ರೇ?”

“ಅಡ್ಮಿಟ್ ಆಗಿಲ್ವಲ್ಲ ಡಾಕ್ಟ್ರೇ,” ಎಂದೆ.

“ತಡೆಯೋಕೂ ಬರಲ್ಲ, ಬಂದ ಮೇಲೂ ಬರಲ್ಲ. ಮತ್ತೆ ಯಾವಾಗ ಬರುತ್ತೆ ನಿಮ್ ಪಾಲಿಸಿ?” ಅವರು ಸಿಟ್ಟಿನಿಂದ ಹೇಳಲಿಲ್ಲ. ಕೈ ತೊಳೆಯುತ್ತಾ ಹೇಳಿದರು. ನಾನು ಚಪ್ಪಲಿ ಹುಡುಕುವವನ ಹಾಗೆ ತಲೆ ತಗ್ಗಿಸಿ ಹೊರಗೆ ಬಂದೆ.

ಗುಳ್ಳೆಗಳು ಒಣಗಿದವು. ಉರಿ ಹೋಗಲಿಲ್ಲ. ಬೀದಿಯವರು ಪಾಳಿ ಹಾಕಿಕೊಂಡು ಬರತೊಡಗಿದರು, ಕರೆಯುವ ಅಗತ್ಯವೂ ಬೀಳಲಿಲ್ಲ. ಓಬಳೇಶ ಒಮ್ಮೆ ಬಂದು ಶೂರನ ಹಾಗೆ ಕೈ ಹಿಡಿದು “ಕೊಡಕ್ಕೋ” ಎಂದು ಹಿಡಿದುಕೊಂಡು ಹೋದ. ಗಾಡಿ ಬಿಚ್ಚಿ, ಅಭ್ಯಾಸಬಲದಿಂದ ಉಪ್ಪು ನೋಡಲು ಒಂದು ಚಿಟಿಕೆ ಚಿತ್ರಾನ್ನ ಬಾಯಿಗೆ ಹಾಕಿಕೊಂಡ. ಇಲ್ಲಿ ಇವಳು ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿದಳು. ಅವನು ಓಡಿ ಬಂದು ತಲೆ ತಲೆ ಚಚ್ಚಿಕೊಂಡ. ಆಮೇಲೆ ಪಾಳಿಯ ದಿನ ಬಾಯಿಗೆ ಟವೆಲ್ಲು ಕಟ್ಟಿಕೊಂಡು ವ್ಯಾಪಾರ ಮಾಡುತ್ತಿದ್ದ.

ಹೆಚ್ಚು ಬಂದವಳು ಜುಬೇದಾ. ಬೆಳಿಗ್ಗೆ ಒಂದಿಷ್ಟು ತಿಂದು ಬಂದು ಮಂಗಳಕ್ಕನ ಕೈಯಿಂದ ನೋವು ಹಿಡಿದುಕೊಂಡು ಹೋದರೆ ಮತ್ತೆ ದೀಪ ಹಚ್ಚುವವರೆಗೆ ಬರೀ ನೀರು ಕುಡಿದೇ ಇರುತ್ತಿದ್ದಳು. ಎದುರುಮನೆಯಲ್ಲಿ ಮೆಷಿನ್ ತುಳಿಯುವ ಸದ್ದು ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಒಂದು ಸಂಜೆ ನಾನು ತಡೆಯಲಾರದೆ ಕೇಳಿದೆ.

“ಭಾಳ ನೋವೈತೇನಮ್ಮ?”

“ಅಂಥದ್ದೇನಿಲ್ಲ ಬಿಡಣ್ಣ. ಇರುವೆ ಕಚ್ಚಿದಂಗೆ. ಕೂತು ಹೊಲೀಬೋದು.” ಆಮೇಲೆ ಸಂಕೋಚದಿಂದ ಸೆರಗಿನ ತುದಿ ಹಿಡಿದು, “ಆ ಇಂಜೆಕ್ಷನ್ ಸೇರಿಸ್ತಾರೆ ಅಂದಿದ್ರಲ್ಲ, ಏನಾಯ್ತಣ್ಣ? ಆವಾಗ ದುಡ್ಡಿತ್ತು, ಪಾಲಿಸೀಲೇ ಬರುತ್ತಲ್ಲ ಅಂತ ಮಗಳ ಬಾಣಂತನಕ್ಕೆ ಹಾಕ್ಬಿಟ್ಟೆ. ಅಕ್ಕನ್ನ ನೋಡಿದ್ಮೇಲೆ ಹೆದರಿಕೆ ಆಗ್ತೈತೆ,” ಎಂದಳು.

“ಬರ್ತೈತೆ, ಬರ್ತೈತೆ,” ಎಂದೆ.

ಎರಡನೆಯ ಸಲವೂ ಅದೇ ಸುಳ್ಳು. ಹೆಂಡತಿ ಒಳಗೆ ಮಲಗಿದ್ದಳು, ಅವಳ ನೋವನ್ನು ಎದುರಿಗೆ ನಿಂತ ಹೆಂಗಸು ಹೊತ್ತಿದ್ದಳು, ಅಂಥವಳ ಮುಖ ನೋಡಿಯೇ ಹೇಳಿದೆ. ಆದರೆ ನಿಜ ಹೇಳಬೇಕೆಂದರೆ ಆ ಸಂಜೆ ನನಗೆ ನಾಚಿಕೆಗಿಂತ ಸಮಾಧಾನವೇ ಹೆಚ್ಚಾಗಿತ್ತು. ಇರುವೆ ಕಚ್ಚಿದ ಹಾಗೆ ಅಂತೆ. ಅಷ್ಟೇ ತಾನೆ. ಡಾಕ್ಟರು ಸುಮ್ಮನೆ ದೊಡ್ಡದು ಮಾಡಿದ್ದಾರೆ, ಹೆಂಗಸರು ಸ್ವಲ್ಪ ನರಳುತ್ತಾರೆ ಎಂದುಕೊಂಡು ನಿದ್ದೆ ಮಾಡಿದೆ.

ಆದರೆ ಕಣ್ಣಿಗೆ ಕಾಣುವುದು ಆ ಮಾತಿಗೆ ಹೊಂದುತ್ತಿರಲಿಲ್ಲ. ಜುಬೇದಾ ಹಿಡಿದುಕೊಂಡು ಹೋದ ಮೇಲೂ ಇವಳು ಸೆರಗನ್ನು ಪಕ್ಕೆಗೆ ತಾಗದಂತೆ ಎತ್ತಿ ಹಿಡಿದೇ ಓಡಾಡುತ್ತಿದ್ದಳು. ಫ್ಯಾನಿನ ಗಾಳಿ ಬಡಿದರೆ ಬೆಚ್ಚುತ್ತಿದ್ದಳು. ಸಾರಿಗೆ ಒಗ್ಗರಣೆ ಹಾಕುತ್ತಾ ಹಾಕುತ್ತಾ ಸೌಟು ಬಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಮಾತ್ರೆಗೆಂದು ಹೋದಾಗ ಜುಬೇದಾ ಅಂದದ್ದನ್ನು ಡಾಕ್ಟರಿಗೆ ಹೇಳಿದೆ. “ಇರುವೆ ಕಚ್ಚಿದಂಗಾ? ನಿಮ್ಮವರ ಪಟ್ಟಿ ನೋಡಿದೀನಿ ನಾನು. ಇಂಥ ಉರೀಲಿ ಸಾಯೋದೇ ವಾಸಿ ಅಂತ ಅತ್ತವರಿದ್ದಾರೆ. ಕೊಡೋರು ಎಷ್ಟು ಕೊಟ್ರೆ ಅಷ್ಟೇ ಅಲ್ವೇನ್ರಿ ಹೋಗೋದು, ನಿಮ್ಮೂರಲ್ಲಿ?” ಎಂದರು.

ಹೌದು. ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿಯನ್ನು ಪರವೂರಿನ ಡಾಕ್ಟರು ನನಗೆ ನೆನಪಿಸಬೇಕಾಯಿತು. ನೋವು ಎಷ್ಟು ಕೊಡಬೇಕೆಂಬುದು ಒಡೆಯರ ಮರ್ಜಿ. ಓಬಳೇಶ ತಲೆ ಚಚ್ಚಿಕೊಂಡ ದಿನದಿಂದ ಸರ್ವಮಂಗಳ ಚಿಟಿಕೆಯಷ್ಟು ಕೊಟ್ಟು ಮಿಕ್ಕಿದ್ದನ್ನೆಲ್ಲ ತಾನೇ ಇಟ್ಟುಕೊಂಡಿದ್ದಳು.

ಮನೆಗೆ ಹೋದವನು ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದೆ. “ಯಾಕೆ ಪೂರ್ತಿ ಕೊಡ್ತಿಲ್ಲ ನೀನು?”

ಅವಳು ಅವರೆಕಾಳು ಹಿಚುಕುತ್ತಿದ್ದಳು, ನನಗೆ ಇಷ್ಟವೆಂದು. ತಲೆ ಎತ್ತಲಿಲ್ಲ. “ಏನಂತ ಕೊಡ್ಲಿ? ಕೈ ಹಿಡಿದಾಗೆಲ್ಲ ಕೇಳ್ತಾಳೆ, ಅಕ್ಕ, ಅಣ್ಣ ಹೇಳಿದ ಇಂಜೆಕ್ಷನ್ ಯಾವಾಗ ಬರುತ್ತೆ ಅಂತ. ನಾನು ಏನ್ ಹೇಳ್ಲಿ? ಬರುತ್ತಮ್ಮ ಅಂತೀನಿ. ಹಂಗಂದ ಬಾಯಲ್ಲೇ ತಗೋ ಅಂತ ಹೆಂಗನ್ಲಿ? ಓಬಳೇಶ ಬಾಯಿ ಕಟ್ಕೊಂಡು ಗಾಡಿ ನೂಕ್ತಾನೆ, ಅದನ್ನ ನೋಡಾಕಾಗಲ್ಲ ನಂಗೆ. ನಿಮ್ ಮಾತು ನಂಬ್ಕೊಂಡು ಕೂತೋರು ಅವ್ರೆಲ್ಲ. ಅವ್ರ ಮೈಮೇಲೆ ಇದನ್ನೂ ಹೊರಿಸ್ಲಾ?”

“ಅದಕ್ಕೆ ಇಷ್ಟು ದಿನ...”

“ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತ ನಮ್ಮವ್ವ ಅಂತಿದ್ಳು,” ಎಂದು ಅವಳು ಕಾಳಿನ ಬೋಗುಣಿ ಪಕ್ಕಕ್ಕೆ ಸರಿಸಿದಳು. “ಏನೂ ಹೇಳ್ಬೇಡ್ರಿ. ನಿಮಗೆ ಮಾತು ಬರುತ್ತೆ. ನಂಗೆ ಈಗ ಮಾತು ಕೇಳಾಕೆ ಶಕ್ತಿ ಇಲ್ಲ.”

ನಾನು ಜಗಲಿಗೆ ಬಂದು ಕೂತೆ. ಬೀದಿಯಲ್ಲಿ ಹೋಗುವವರು “ಏಜೆಂಟ್ರೇ, ಅಕ್ಕ ಹೆಂಗವ್ಳೆ?” ಎಂದು ಕೇಳಿಕೊಂಡು ಹೋಗುತ್ತಿದ್ದರು. ಪ್ರತಿಯೊಬ್ಬರ ಮುಖದಲ್ಲಿ ಕನಿಕರ. ಅಷ್ಟು ಕನಿಕರವನ್ನು ನಾನು ಕೈಚಾಚಿ ತೆಗೆದುಕೊಂಡಿದ್ದೆ. ಅದು ನನಗೆ ಸೇರಬೇಕಾದದ್ದಲ್ಲ ಎಂದು ಮೊದಲ ಸಲ ಅನಿಸಿತು. ಅವಳ ನೋವು ಹೋಗಲು ದಾರಿ ಎರಡೇ. ಬೀದಿಗೆ ನಿಜ ಹೇಳಬೇಕು, ಆದರೆ ನಿಜ ಕೇಳಿದ ಮೇಲೆ ಬೀದಿಯವರು ಯಾಕೆ ಹೊರಬೇಕು? ಇಲ್ಲವೇ ನಾನು ಹೊರಬೇಕು. ನಾನು ಹೊರಬೇಕೆಂದರೆ ಅವಳ ಒಲೆಯಿಂದ ಎದ್ದುಬಿಡಬೇಕು.

ಹೇಳಲು ಸುಲಭ. ಮದುವೆಯಾದ ಲಾಗಾಯ್ತಿನಿಂದ ನಾನು ಬೇರೆಯವರ ಮನೆಯಲ್ಲಿ ಹೊಟ್ಟೆತುಂಬ ಉಂಡವನಲ್ಲ. ಮದುವೆ ಮುಂಜಿಗೆ ಹೋದರೂ ಮನೆಗೆ ಬಂದು ಅವಳ ಕೈಯ ಮಜ್ಜಿಗೆ ಅನ್ನ ಉಂಡರೇ ಸಮಾಧಾನ. ಒಳಗಿನಿಂದ ಹಿತಕಿದ ಬೇಳೆಯ ಸಾರಿನ ವಾಸನೆ ಬರುತ್ತಿತ್ತು. ಆ ದಿನ ಅದನ್ನು ಉಂಡೆ, ಎರಡು ಸಲ ಬಡಿಸಿಕೊಂಡು ಉಂಡೆ. ಅದು ಕೊನೆಯ ಊಟ ಎಂದು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಬಡಿಸುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಮೂರು ಇಟ್ಟಿಗೆ ತಂದು ಜಗಲಿಯ ಮೂಲೆಯಲ್ಲಿಟ್ಟೆ. ಪುಳ್ಳೆ ಒಟ್ಟಿ ಬೆಂಕಿ ಹಚ್ಚಿದೆ. ಹೊಸ ಪಾತ್ರೆಯಲ್ಲಿ ಅಕ್ಕಿ ಇಟ್ಟೆ. ನೀರು ಎಷ್ಟು ಹಾಕಬೇಕೆಂದು ಗೊತ್ತಿರಲಿಲ್ಲ, ತೋಚಿದಷ್ಟು ಹಾಕಿದೆ. ಹೊಗೆ ಬೀದಿಗೆ ಹೋಯಿತು. ನಮ್ಮೂರಿನಲ್ಲಿ ಜಗಲಿಯ ಮೇಲಿನ ಹೊಗೆಗೆ ಒಂದೇ ಅರ್ಥ. ಕ್ಷಣದಲ್ಲಿ ಜನ ಸೇರಿದರು.

“ಏನ್ರೀ ಏಜೆಂಟ್ರೇ ಇದು? ಈ ವಯಸ್ಸಲ್ಲಿ ಒಲೆ ಬೇರೆನಾ? ಅದೂ ಅಕ್ಕ ಹಿಂಗಿರುವಾಗ?” ಓಬಳೇಶನ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಾಕೆ ಥೂ ಎಂದದ್ದು ನನಗೆ ಕೇಳಿಸಿತು. ಜುಬೇದಾ ತನ್ನ ಪಾಳಿಗೆಂದು ಬಂದವಳು ಮೆಟ್ಟಿಲ ಹತ್ತಿರ ನಿಂತಿದ್ದಳು.

ಹೊಗೆಗೆ ಕಣ್ಣು ಉರಿಯುತ್ತಿತ್ತು. ಊದುಕೊಳವೆ ಕೆಳಗಿಟ್ಟು ಎದ್ದು ನಿಂತೆ.

“ಇಂಜೆಕ್ಷನ್ ಪಾಲಿಸೀಲಿ ಬರಲ್ಲ,” ಎಂದೆ. “ಮುಂದಿನ ವರ್ಷವೂ ಬರಲ್ಲ. ಆವತ್ತೂ ಗೊತ್ತಿತ್ತು ನಂಗೆ. ಮೇಲಿನವರ ಹತ್ರ ನಾನು ಮಾತಾಡೇ ಇಲ್ಲ. ನೀವು ಪಾಲಿಸಿ ಬಿಟ್ಟುಬಿಡ್ತೀರ ಅಂತ ಹಂಗಂದೆ. ಇವಳು ಕೇಳಿದ್ಳು, ದುಡ್ಡಿತ್ತು, ನಾನೇ ಬೇಡ ಅಂದೆ. ಕೈಲಾದೋರು ಹೋಗಿ ಹಾಕಿಸ್ಕೊಳ್ರಿ. ನನ್ನ ಕಾಯ್ಬೇಡ್ರಿ.”

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಓಬಳೇಶ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ಅದನ್ನೇ ನೋಡಿದ. ಜುಬೇದಾ ಮಾತ್ರ ಮೆಲ್ಲಗೆ, “ನಾನು ಕಾದೆನಲ್ಲಣ್ಣ,” ಎಂದಳು. ಅಷ್ಟೇ. ತಿರುಗಿ ಬೀದಿ ದಾಟಿ ಹೋದಳು. ಅವಳ ಬಾಗಿಲು ಮುಚ್ಚಿದ ಸದ್ದಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನ್ನ ಒಲೆ ಅಟ್ಟ ಮೇಲೂ ನೆಟ್ಟಗೆ ಉರಿಯಲಿಲ್ಲ. ಅನ್ನ ಮೇಲೆ ಅಕ್ಕಿಯಾಗಿ ತಳದಲ್ಲಿ ಸೀದಿತ್ತು. ನಾಲ್ಕು ತುತ್ತು ನುಂಗಿದೆ.

ಬಾಗಿಲಲ್ಲಿ ಸರ್ವಮಂಗಳ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಎಡಗೈಯಲ್ಲಿ ಸೆರಗು ಎತ್ತಿ ಹಿಡಿದಿದ್ದಳು. ಇಟ್ಟಿಗೆಗಳನ್ನು ನೋಡಿದಳು, ನನ್ನ ಬಾಯಿಯನ್ನು ನೋಡಿದಳು.

“ತಿಂದೇಬಿಟ್ರಾ?” ಎಂದಳು.

“ತಿಂದೆ.”

ಅವಳು ಒಳಗಿನ ಬೋಗುಣಿಯ ಕಡೆ ತಿರುಗಿ ನೋಡಿದಳು. “ಕಾಳು ಇನ್ನೂ ಮಿಕ್ಕೈತೆ. ನಾಳೆಗೆ ಮಾಡಾಣ ಅಂತ ನೆನೆಸಿಟ್ಟಿದ್ದೆ. ಒಂದು ಮಾತು ಕೇಳಬಾರ್ದಾ ನನ್ನ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.” ಅವಳ ಮಣಿಕಟ್ಟು ಹಿಡಿದೆ. “ಕೊಡು. ಪೂರ್ತಿ ಕೊಡು.”

ಕೈ ಬಿಡಿಸಿಕೊಳ್ಳಲು ಒಮ್ಮೆ ಎಳೆದಳು. ಕರುಣೆಯಿಂದ ಹಿಂಜರಿಯುತ್ತಿದ್ದಾಳೆ ಎಂದು ನಾನು ಭಾವಿಸಿದ್ದೆ. ಮುಖ ನೋಡಿದಾಗ ಅಲ್ಲ ಎಂದು ತಿಳಿಯಿತು. ಅವಳಿಗೆ ಸಿಟ್ಟು ಬಂದಿತ್ತು. ಇಷ್ಟು ದಿನ ತಡೆದಿದ್ದ ಸಿಟ್ಟು. “ತಗೊಳ್ರಿ,” ಎಂದಳು, ಒಂದಿಷ್ಟೂ ಉಳಿಸಿಕೊಳ್ಳಲಿಲ್ಲ.

ಕಾದ ಎಣ್ಣೆ ಪಕ್ಕೆಗೆ ಸುರಿದ ಹಾಗಾಯಿತು. ಸುರಿದು ನಿಲ್ಲಲಿಲ್ಲ, ಸುರಿಯುತ್ತಲೇ ಇತ್ತು. ಅಂಗಿ ತಾಗಿದ ಕಡೆಯೆಲ್ಲ ಚರ್ಮ ಸುಲಿದಂತಾಯಿತು, ಅಂಗಿ ಕಿತ್ತೆಸೆದೆ. ಉಸಿರು ಎಳೆದರೆ ಒಳಗಿನಿಂದ ಚುಚ್ಚುತ್ತಿತ್ತು. ಕಂಬಕ್ಕೆ ಒರಗಲು ಹೋದವನು ಕೂಗಿಕೊಂಡು ಮುಂದಕ್ಕೆ ಬಾಗಿದೆ. ಇದನ್ನು ಹೊತ್ತುಕೊಂಡು ಇವಳು ರೊಟ್ಟಿ ತಟ್ಟಿದ್ದಳು. ಕಾಳು ಹಿಚುಕಿದ್ದಳು. ನಾನು ಪಕ್ಕದಲ್ಲೇ ಮಲಗಿ ಗೊರಕೆ ಹೊಡೆದಿದ್ದೆ. ನನಗೆ ಅಳು ಬಂತು, ನೋವಿಗೋ ನಾಚಿಕೆಗೋ ಬೇರೆ ಮಾಡಿ ಹೇಳಲಾರೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಬರಿಮೈಯಲ್ಲಿ ಅಳುವ ಏಜೆಂಟನನ್ನು ನೋಡಿ ಕಣ್ಣು ತಪ್ಪಿಸಿ ಹೋಗುತ್ತಿದ್ದರು.

ಅವಳು ಸೆರಗು ಕೆಳಗೆ ಬಿಟ್ಟಳು. ಪಕ್ಕೆಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಿಕೊಂಡಳು. ಒಳಗೆ ಹೋಗಿ ನೆಲದ ಮೇಲೆ ಎಡಮಗ್ಗುಲಾಗಿ ಮಲಗಿದಳು. ಎಡಮಗ್ಗುಲಾಗಿ ಅವಳು ಮಲಗಿದ್ದನ್ನು ನಾನು ಅವರೆಕಾಯಿ ಶುರುವಾದಾಗಿನಿಂದ ನೋಡಿರಲಿಲ್ಲ. ಕೂಡಲೇ ನಿದ್ದೆ ಬಂತು.

ಬಿಸಿಲು ಜಗಲಿ ದಾಟಿ ಹೋಯಿತು. ಹೊಟ್ಟೆ ಹಸಿಯತೊಡಗಿತು. ಸೀದ ಅನ್ನ ಎದುರಿಗೇ ಇತ್ತು. ಒಂದು ಅಗುಳು ಬಾಯಿಗೆ ಹಾಕಿಕೊಂಡರೆ ಈ ಉರಿ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಬಾಗಿಲಿನಿಂದ ಕಾಣುತ್ತಿತ್ತು. ಸಂಜೆಯ ಹೊತ್ತಿಗೆ ಸರ್ವಮಂಗಳ ಎದ್ದು ಬಂದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಚಾಪೆಯ ಗುರುತು ಮೂಡಿತ್ತು. ನನ್ನ ಮುಂದಿನ ಪಾತ್ರೆಯೊಳಗೆ ಇಣುಕಿದಳು. ಇನ್ನು ಬೈಯುತ್ತಾಳೆ, ಇಲ್ಲವೇ ಸಾಕು ಉಣ್ಣಿ, ನನ್ನದು ನನಗೆ ಕೊಡಿ ಎನ್ನುತ್ತಾಳೆ ಎಂದುಕೊಂಡೆ. ಮದುವೆಯಾದಾಗಿನಿಂದ ಪ್ರತಿಸಲ ಕೊನೆಗೆ ತಾನೇ ಬಿಟ್ಟುಕೊಟ್ಟವಳು ಅವಳು.

“ಇನ್ನೊಂಚೂರು ಹೊತ್ತು ಉಣ್ಬೇಡ್ರಿ,” ಎಂದಳು. “ಇನ್ನೂ ನಿದ್ದೆ ಬರ್ತೈತೆ.”

ನಾನು ಪಾತ್ರೆಗೆ ತಟ್ಟೆ ಮುಚ್ಚಿದೆ.